ದೋಷ ಹಿಡಿಯುವವನ ದೋಷ ಹಿಡಿಯುವವರು ಯಾರು?

1988ರಲ್ಲಿ ಒಂದು ರಾತ್ರಿ ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಜೋರು ಗಾಳಿ ಮಳೆ. ಅಲ್ಲಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಕಚೇರಿಯ ಯುನಿಕ್ಸ್ ಕಂಪ್ಯೂಟರಿಗೆ ದೂರವಾಣಿ ತಂತಿಯ ಮೂಲಕ ಸಂಪರ್ಕ ಪಡೆದು ದೂರದಿಂದಲೇ ಕೆಲಸ ಮಾಡುತ್ತಿದ್ದರು. ಮಳೆಯಿಂದಾಗಿ ತಂತಿಯಲ್ಲಿ ಗದ್ದಲ. ಅವರು ಒತ್ತಿದ ಅಕ್ಷರಗಳ ನಡುವೆ ತಾವಾಗಿಯೇ ಅರ್ಥವಿಲ್ಲದ ಅಕ್ಷರಗಳು ಸೇರಿಕೊಳ್ಳುತ್ತಿದ್ದವು. ಅದೇನೂ ಆಶ್ಚರ್ಯದ ಸಂಗತಿಯಲ್ಲ. ಆದರೆ ಆ ಕಸದಂಥ ಅಕ್ಷರಗಳನ್ನು ನುಂಗಿದ ಪ್ರೋಗ್ರಾಂಗಳು ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ಹೇಳುವ ಬದಲು ದೊಪ್ಪನೆ ಬಿದ್ದುಹೋಗುತ್ತಿದ್ದವು. ಜಗತ್ತೆಲ್ಲ ನಂಬಿ ಬಳಸುತ್ತಿದ್ದ ಪ್ರೋಗ್ರಾಂಗಳು ಅವು!

ಮಿಲ್ಲರ್ ಇದನ್ನು ತಮ್ಮ ತರಗತಿಯ ವಿದ್ಯಾರ್ಥಿಗಳಿಗೆ ಮನೆಗೆಲಸವಾಗಿ ಕೊಟ್ಟರು. ಮನಸ್ಸಿಗೆ ಬಂದಂತೆ ಅಕ್ಷರಗಳನ್ನು ಉದುರಿಸುವ ಒಂದು ಪ್ರೋಗ್ರಾಂ ಬರೆಯಬೇಕು. ಅದನ್ನು ಯುನಿಕ್ಸಿನ ಉಪಕರಣಗಳಿಗೆ ಉಣಿಸಿ ಏನಾಗುತ್ತದೆ ನೋಡಬೇಕು. ಸುಮಾರು 90 ಉಪಕರಣಗಳ ಪರೀಕ್ಷೆ ನಡೆಯಿತು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಯುನಿಕ್ಸಿನ ಯಾವ ಆವೃತ್ತಿಯನ್ನು ತೆಗೆದುಕೊಂಡರೂ ನೂರಕ್ಕೆ 25ರಿಂದ 33ರಷ್ಟು ಉಪಕರಣಗಳು ಕುಸಿದುಬಿದ್ದಿದ್ದವು. ತರಗತಿಯ ಒಂದು ಅಭ್ಯಾಸ ಹೀಗೆ ‘ಫಜ್ ಪರೀಕ್ಷೆ’ ಎಂಬ ಹೊಸ ವಿದ್ಯೆಗೆ ನಾಂದಿ ಹಾಡಿತು.

ಕುಸಿತಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದ ಒಂದು ಗುಂಪಿಗೆ ಈಗ ‘ಮೆಮೊರಿ ಸುರಕ್ಷತೆಯ ದೋಷಗಳು’ ಎಂದು ಹೆಸರು. ಸಿ ಭಾಷೆಯನ್ನು ಕಲಿಯುವ ಪ್ರತಿ ವಿದ್ಯಾರ್ಥಿಯೂ ಒಂದಲ್ಲ ಒಂದು ದಿನ ಇವುಗಳ ಕೈಗೆ ಸಿಕ್ಕಿಬೀಳುತ್ತಾನೆ. ಆದ್ದರಿಂದ ಇವುಗಳ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ವಠಾರದ ಲೆಕ್ಕ

ಕಂಪ್ಯೂಟರಿನ ಮೆಮೊರಿಯನ್ನು ಒಂದು ಉದ್ದನೆಯ ವಠಾರ ಎಂದುಕೊಳ್ಳಿ. ಸಾಲಾಗಿ ಮನೆಗಳು, ಪ್ರತಿ ಮನೆಗೂ ಒಂದು ನಂಬರು. ಪ್ರೋಗ್ರಾಂ ಬಂದು ‘ಹತ್ತು ಮನೆ ಬೇಕು’ ಎಂದು ಕೇಳುತ್ತದೆ. ಮಾಲೀಕ ಹತ್ತು ಮನೆ ಕೊಟ್ಟು ಮೊದಲನೆಯ ಮನೆಯ ನಂಬರು ಹೇಳುತ್ತಾನೆ. ಕೆಲಸ ಮುಗಿದ ಮೇಲೆ ಮನೆಗಳನ್ನು ಖಾಲಿ ಮಾಡಿ ಒಪ್ಪಿಸಬೇಕು. ವ್ಯವಹಾರ ಇಷ್ಟೇ.

1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆ ಈ ವಠಾರಕ್ಕೆ ಕಾವಲುಗಾರನನ್ನು ಇಡಲಿಲ್ಲ. ಆಗಿನ ಯಂತ್ರಗಳು ನಿಧಾನ, ಮೆಮೊರಿ ದುಬಾರಿ. ಪ್ರತಿ ಹೆಜ್ಜೆಗೂ ‘ಯಾರದು?’ ಎಂದು ಕೇಳುತ್ತ ನಿಂತರೆ ಕೆಲಸ ಸಾಗುತ್ತಿರಲಿಲ್ಲ. ಹೊಣೆಯನ್ನೆಲ್ಲ ಪ್ರೋಗ್ರಾಂ ಬರೆಯುವವನ ಮೇಲೆ ಬಿಟ್ಟರು. ವೇಗ ಸಿಕ್ಕಿತು, ಅದರ ಜೊತೆಗೆ ನಾಲ್ಕೈದು ಬಗೆಯ ತೊಂದರೆಗಳೂ ಬಂದವು.

ಮೊದಲನೆಯದು ಗಡಿ ಮೀರುವುದು. ಹತ್ತು ಮನೆ ಪಡೆದು ಹನ್ನೆರಡು ಮನೆಗಾಗುವಷ್ಟು ಸಾಮಾನು ಇಳಿಸಿದರೆ ಪಕ್ಕದವರ ಪಾತ್ರೆ ಪಗಡಿ ಬೀದಿಪಾಲು. ಎರಡನೆಯದು ಬಿಟ್ಟ ಮನೆಗೆ ಮತ್ತೆ ಹೋಗುವುದು. ಮನೆ ಖಾಲಿ ಮಾಡಿದರೂ ನಕಲಿ ಬೀಗದ ಕೈ ಇಟ್ಟುಕೊಂಡವನು ಒಂದು ದಿನ ಒಳಗೆ ಕಾಲಿಟ್ಟರೆ ಅಲ್ಲಿ ಬೇರೆ ಸಂಸಾರ ಇರುತ್ತದೆ. ಮೂರನೆಯದು ಒಂದೇ ಮನೆಯನ್ನು ಎರಡು ಸಲ ಒಪ್ಪಿಸಿ ಮಾಲೀಕನ ಲೆಕ್ಕದ ಪುಸ್ತಕವನ್ನೇ ಕೆಡಿಸುವುದು. ನಾಲ್ಕನೆಯದು ಹೊಸ ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಡಬ್ಬಿಯಲ್ಲಿ ಇರುವುದು ಸಕ್ಕರೆಯೇ ಉಪ್ಪೇ ಎಂದು ನೋಡದೆ ಕಾಫಿಗೆ ಹಾಕುವುದು, ಅಂದರೆ ಆರಂಭದ ಬೆಲೆ ಕೊಡದ ಚರಾಕ್ಷರವನ್ನು ಬಳಸುವುದು. ಐದನೆಯದು ಮನೆಗಳನ್ನು ಪಡೆಯುತ್ತಲೇ ಹೋಗಿ ಒಂದನ್ನೂ ಹಿಂದಿರುಗಿಸದೆ ವಠಾರವೆಲ್ಲ ತುಂಬಿಹೋಗುವಂತೆ ಮಾಡುವುದು. ಇದು ಮೆಮೊರಿ ಸೋರಿಕೆ.

ಇವೆಲ್ಲ ಬರೀ ಪ್ರಯೋಗಾಲಯದ ಕಿರಿಕಿರಿಗಳಲ್ಲ. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಬಿಟ್ಟ ‘ಹುಳು’ ಆಗಿನ ಪುಟ್ಟ ಇಂಟರ್‌ನೆಟ್ಟಿನ ಸಾವಿರಾರು ಯಂತ್ರಗಳನ್ನು ಸ್ತಬ್ಧಗೊಳಿಸಿತು. ಅದು ನುಸುಳಿದ ಕಂಡಿಗಳಲ್ಲಿ ಒಂದು ಹೀಗಿತ್ತು: 512 ಬೈಟ್‌ಗಳಿಗೆ ಜಾಗ ಮಾಡಿಕೊಂಡಿದ್ದ ಒಂದು ಪ್ರೋಗ್ರಾಂ ಬಂದದ್ದನ್ನೆಲ್ಲ ಅಳತೆ ನೋಡದೆ ಒಳಗೆ ತುಂಬಿಕೊಳ್ಳುತ್ತಿತ್ತು. ಹುಳು 536 ಬೈಟ್ ಕಳಿಸಿತು. ಹೆಚ್ಚಾದ 24 ಬೈಟ್‌ಗಳಲ್ಲೇ ಕುತಂತ್ರ ಅಡಗಿತ್ತು. ಅದಕ್ಕೆ ಎಡೆ ಮಾಡಿಕೊಟ್ಟ ‘ಗೆಟ್ಸ್’ ಎಂಬ ಫಂಕ್ಷನ್ನನ್ನು ಸಿ ಭಾಷೆಯ 2011ರ ಮಾನಕದಿಂದಲೇ ತೆಗೆದುಹಾಕಲಾಯಿತು. ವಿದ್ಯಾರ್ಥಿಗಳು ತಮ್ಮ ಪಠ್ಯದಲ್ಲೋ ಹಳೆಯ ನೋಟ್ಸಿನಲ್ಲೋ ಇದನ್ನು ಕಂಡರೆ ಅಲ್ಲಿಯೇ ಅಡ್ಡಗೆರೆ ಎಳೆಯುವುದು ಕ್ಷೇಮ. ಆ ಹುಳುವಿನ ಕಾಲಕ್ಕೇ ಈ ಕಥೆ ಮುಗಿಯಲಿಲ್ಲ. ತನ್ನ ಉತ್ಪನ್ನಗಳಲ್ಲಿ ವರ್ಷ ವರ್ಷವೂ ಸರಿಪಡಿಸುವ ಭದ್ರತಾ ದೋಷಗಳಲ್ಲಿ ನೂರಕ್ಕೆ ಸುಮಾರು 70 ಈ ಜಾತಿಯವೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ತಿಳಿಸಿತು.

ಬೇಲಿಯೇ ಹೊಲ ಮೇಯ್ದಾಗ

ಇಂಥ ದೋಷಗಳನ್ನು ಹುಡುಕಲು ಬಳಸುವ ಉಪಕರಣಕ್ಕೆ ಡಿಬಗ್ಗರ್ ಎಂದು ಹೆಸರು. ಬಹಳ ಹೆಸರುವಾಸಿಯಾದದ್ದು ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಇದನ್ನು ಬರೆದರು. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಬಹುದು, ಒಂದೊಂದೇ ಹೆಜ್ಜೆ ನಡೆಸಬಹುದು, ಯಾವ ಚರಾಕ್ಷರದಲ್ಲಿ ಏನಿದೆ ಎಂದು ಇಣುಕಬಹುದು. ಪ್ರೋಗ್ರಾಂ ಸತ್ತ ಮೇಲೂ ಅದರ ಮೆಮೊರಿಯ ಪ್ರತಿಯನ್ನು ಮುಂದಿಟ್ಟುಕೊಂಡು ಮರಣೋತ್ತರ ಪರೀಕ್ಷೆ ನಡೆಸಬಹುದು. ಇದೆಲ್ಲ ಉಚಿತ. ಮೂಲ ಕೋಡನ್ನೂ ಯಾರು ಬೇಕಾದರೂ ಓದಬಹುದು.

ಈಗ ಒಂದು ತಮಾಷೆಯ ಪ್ರಶ್ನೆ. ಜಿಡಿಬಿ ಕೂಡ ಒಂದು ಪ್ರೋಗ್ರಾಂ ತಾನೆ? ಅದನ್ನೂ ಸಿ ಭಾಷೆಯಲ್ಲೇ ಬರೆದದ್ದು ತಾನೆ? ಹಾಗಾದರೆ ಅದರೊಳಗೂ ಇವೇ ದೋಷಗಳು ಇರಬೇಕಲ್ಲ?

ಇದ್ದವು. ಡಿಬಗ್ಗರಿಗೆ ಬರುವ ಕಷ್ಟ ಉಳಿದ ಪ್ರೋಗ್ರಾಂಗಳ ಕಷ್ಟಕ್ಕಿಂತ ಒಂದು ಕೈ ಹೆಚ್ಚು. ಅದರ ಮುಂದೆ ಬರುವ ರೋಗಿಗಳೆಲ್ಲ ಕೆಟ್ಟು ನಿಂತ ಪ್ರೋಗ್ರಾಂಗಳು, ಅರ್ಧಂಬರ್ಧ ಕಡತಗಳು. ಕೆಲವೊಮ್ಮೆ ಯಾರೋ ಬೇಕೆಂದೇ ಹೆಣೆದ ವೈರಸ್ಸುಗಳು. ಕಡತದ ಮೊದಲಲ್ಲಿ ಒಂದು ಪರಿವಿಡಿ ಇರುತ್ತದೆ: ‘ಇಂಥ ವಿಭಾಗ ಇಲ್ಲಿ ಶುರು, ಅದರ ಉದ್ದ ಇಷ್ಟು, ಅದರಲ್ಲಿ ಇಷ್ಟು ಹೆಸರುಗಳಿವೆ’. ಪರಿವಿಡಿಯಲ್ಲಿ ನಾಲ್ಕು ಸಾವಿರ ಹೆಸರು ಎಂದು ಬರೆದು ಒಳಗೆ ನಾಲ್ಕೇ ಹೆಸರು ಇಟ್ಟಿದ್ದರೆ? ಪರಿವಿಡಿಯನ್ನು ಕಣ್ಣುಮುಚ್ಚಿ ನಂಬಿದ ಡಿಬಗ್ಗರ್ ಐದನೆಯ ಹೆಸರಿನಿಂದ ಮುಂದಕ್ಕೆ ಪರರ ಮನೆ ಹೊಕ್ಕುತ್ತದೆ.

2014ರ ಅಕ್ಟೋಬರಿನಲ್ಲಿ ಇದಕ್ಕೆ ಒಂದು ನಿದರ್ಶನ ಸಿಕ್ಕಿತು. ‘ಸ್ಟ್ರಿಂಗ್ಸ್’ ಎಂಬುದು ಒಂದು ಸಾಧು ಉಪಕರಣ. ಯಾವುದೇ ಕಡತದೊಳಗೆ ಓದಲು ಬರುವ ಅಕ್ಷರಗಳನ್ನು ಹೆಕ್ಕಿ ತೋರಿಸುವುದಷ್ಟೇ ಅದರ ಕೆಲಸ. ಅನುಮಾನಾಸ್ಪದ ಕಡತ ಬಂದಾಗ ಭದ್ರತಾ ತಜ್ಞರು ‘ಓಡಿಸುವುದು ಬೇಡ, ಮೊದಲು ಸ್ಟ್ರಿಂಗ್ಸ್ ಹಾಕಿ ನೋಡೋಣ’ ಎನ್ನುತ್ತಿದ್ದರು. ಬರೀ ನೋಡಿದರೆ ಏನು ನಷ್ಟ ಎಂಬ ನಂಬಿಕೆ. ಮಿಖಾಲ್ ಝಲೆವ್‌ಸ್ಕಿ ಎಂಬ ತಜ್ಞ ಈ ನಂಬಿಕೆಯನ್ನು ಅಲುಗಾಡಿಸಿದರು. ಸ್ಟ್ರಿಂಗ್ಸ್ ಕಡತವನ್ನು ನೇರವಾಗಿ ಓದುತ್ತಿರಲಿಲ್ಲ. ಜಿಡಿಬಿಯೂ ಬಳಸುವ ‘ಲಿಬ್‌ಬಿಎಫ್‌ಡಿ’ ಎಂಬ ಗ್ರಂಥಾಲಯದ ನೆರವಿನಿಂದ ಮೊದಲು ಪರಿವಿಡಿಯನ್ನು ಬಿಡಿಸಿಕೊಳ್ಳುತ್ತಿತ್ತು. ಆ ಗ್ರಂಥಾಲಯದ ಒಂದು ಭಾಗ ಕಡತದೊಳಗಿನ ವಿಭಾಗಗಳ ಗುಂಪಿನ ವಿವರಗಳನ್ನು ಸರಿಯಾಗಿ ತಪಾಸಣೆ ಮಾಡುತ್ತಿರಲಿಲ್ಲ. ಹದವಾಗಿ ಹೆಣೆದ ಕಡತವೊಂದು ಅದನ್ನು ಕೆಡವಬಹುದಿತ್ತು. ಅಷ್ಟೇ ಅಲ್ಲ, ನೋಡುತ್ತಿರುವವರ ಯಂತ್ರದಲ್ಲೇ ತನ್ನ ಆಟ ಹೂಡುವ ಅಪಾಯವೂ ಇತ್ತು. ಕಳ್ಳನ ಬೆರಳಚ್ಚು ತೆಗೆಯಲು ಹೋದ ಪೊಲೀಸನ ಜೇಬಿಗೇ ಕತ್ತರಿ ಬಿದ್ದಂತೆ!

ದೋಷವನ್ನು ಸರಿಪಡಿಸಲಾಯಿತು. ಮುಂದೆ ಸ್ಟ್ರಿಂಗ್ಸ್ ಪರಿವಿಡಿಯ ಗೊಡವೆಗೆ ಹೋಗದೆ ಇಡೀ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದುವುದನ್ನೇ ರೂಢಿ ಮಾಡಲಾಯಿತು.

ಮೊಲದ ಹೆಸರಿನ ಯಂತ್ರ

ಝಲೆವ್‌ಸ್ಕಿ ಬಳಸುತ್ತಿದ್ದ ಉಪಕರಣ ಅವರೇ ಬರೆದ ‘ಅಮೆರಿಕನ್ ಫಜ್ಜಿ ಲಾಪ್’. ಅದು ಒಂದು ಜಾತಿಯ ಮೊಲದ ಹೆಸರು. ಮಿಲ್ಲರ್ ಅವರ ವಿದ್ಯಾರ್ಥಿಗಳು ಕುರುಡಾಗಿ ಅಕ್ಷರ ಉದುರಿಸಿದರು. ಈ ಮೊಲಕ್ಕೆ ಸ್ವಲ್ಪ ಕಣ್ಣಿದೆ. ಒಂದು ಕಡತವನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಪ್ರೋಗ್ರಾಮಿಗೆ ಕೊಡುತ್ತದೆ. ಆ ತಿದ್ದುಪಡಿಯಿಂದ ಪ್ರೋಗ್ರಾಂ ಇದುವರೆಗೆ ನಡೆಯದ ಒಂದು ಹೊಸ ದಾರಿಯಲ್ಲಿ ನಡೆದರೆ ಆ ಕಡತವನ್ನು ಜೋಪಾನ ಮಾಡುತ್ತದೆ, ಮುಂದಿನ ತಿದ್ದುಪಡಿಗಳಿಗೆ ಅದನ್ನೇ ಬೀಜವಾಗಿ ಬಳಸುತ್ತದೆ. ಇಲ್ಲದಿದ್ದರೆ ಬಿಸಾಡುತ್ತದೆ. 2014ರ ನವೆಂಬರಿನಲ್ಲಿ ಝಲೆವ್‌ಸ್ಕಿ ಒಂದು ಪ್ರಯೋಗವನ್ನು ವಿವರಿಸಿದರು. ಚಿತ್ರಗಳನ್ನು ಬಿಡಿಸುವ ಒಂದು ಪ್ರೋಗ್ರಾಮಿಗೆ ಬರೀ ‘ಹಲೋ’ ಎಂಬ ಪದವಿದ್ದ ಕಡತ ಕೊಟ್ಟು ಮೊಲವನ್ನು ಬಿಟ್ಟರು. ಸುಮಾರು ಆರು ಗಂಟೆಗಳಲ್ಲಿ ಅದು ತಾನಾಗಿಯೇ ಒಂದು ಸರಿಯಾದ ಜೆಪೆಗ್ ಚಿತ್ರವನ್ನು ಹುಟ್ಟಿಸಿತ್ತು! ಚಿತ್ರದಲ್ಲಿ ಏನೂ ಇರಲಿಲ್ಲ, ಬರೀ ಬೂದು ಬಣ್ಣ. ಆದರೆ ಜೆಪೆಗ್ ಎಂದರೇನೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಫಜ್ ಪರೀಕ್ಷೆಗೆ ಒಂದು ಮಿತಿ ಇದೆ. ಪ್ರೋಗ್ರಾಂ ಕುಸಿದರೆ ಮಾತ್ರ ದೋಷ ಗೊತ್ತಾಗುತ್ತದೆ. ಪಕ್ಕದ ಮನೆಯ ಒಂದೇ ಒಂದು ಚಮಚ ಎತ್ತಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ರೋಗ್ರಾಂ ಏನೂ ಆಗದಂತೆ ಓಡುತ್ತಲೇ ಇರುತ್ತದೆ. ಅದಕ್ಕಾಗಿ ಕಾವಲುಗಾರರು ಬಂದರು. ಜೂಲಿಯನ್ ಸೀವರ್ಡ್ ಅವರ ‘ವ್ಯಾಲ್‌ಗ್ರೈಂಡ್’ 2002ರಲ್ಲಿ ಹೊರಬಿತ್ತು. ಅದು ಮೆಮೊರಿಯ ಪ್ರತಿಯೊಂದು ಬಿಟ್ಟಿಗೂ ‘ಇದರಲ್ಲಿರುವ ಬೆಲೆ ನಂಬಲು ಯೋಗ್ಯವೇ?’ ಎಂಬ ನೆರಳು ಲೆಕ್ಕ ಇಡುತ್ತದೆ. ಪ್ರತಿ ಹೆಜ್ಜೆಯನ್ನೂ ತಡೆದು ನೋಡುವುದರಿಂದ ಪ್ರೋಗ್ರಾಂ 20-30 ಪಟ್ಟು ನಿಧಾನವಾಗುತ್ತದೆ.

2012ರಲ್ಲಿ ಗೂಗಲ್‌ನ ಎಂಜಿನಿಯರುಗಳು ‘ಅಡ್ರೆಸ್ ಸ್ಯಾನಿಟೈಸರ್’ ಎಂಬ ಇನ್ನೊಬ್ಬ ಕಾವಲುಗಾರನನ್ನು ಪರಿಚಯಿಸಿದರು. ಇದು ಪಡೆದ ಜಾಗದ ಎರಡೂ ಬದಿಗೆ ಯಾರೂ ಕಾಲಿಡಬಾರದ ‘ಕೆಂಪು ವಲಯ’ ಬಿಡುತ್ತದೆ. ಖಾಲಿ ಮಾಡಿದ ಮನೆಯನ್ನು ತಕ್ಷಣ ಬಾಡಿಗೆಗೆ ಕೊಡದೆ ಕೆಲಕಾಲ ಬೀಗ ಹಾಕಿಡುತ್ತದೆ. ನಕಲಿ ಕೈ ಇಟ್ಟುಕೊಂಡವನು ಬಂದರೆ ಸಿಕ್ಕಿಬೀಳುತ್ತಾನೆ. ಇದರಿಂದಾಗುವ ನಿಧಾನ ಸರಾಸರಿ ನೂರಕ್ಕೆ 73ರಷ್ಟು ಮಾತ್ರ. ಕ್ರೋಮಿಯಂ ಬ್ರೌಸರ್ ಒಂದರಲ್ಲೇ ಅದುವರೆಗೆ ಗೊತ್ತಿರದ 300ಕ್ಕೂ ಹೆಚ್ಚು ದೋಷಗಳನ್ನು ಇದು ಪತ್ತೆ ಮಾಡಿತು. ಜಿಡಿಬಿಯನ್ನು ಬೆಳೆಸುವವರು ಅದನ್ನೂ ಈ ಕಾವಲಿನಡಿ ಓಡಿಸಿ ಪರೀಕ್ಷಿಸುತ್ತಾರೆ.

ಒಡೆದ ಹಂಚು ಎಲ್ಲಿ?

ದೋಷ ಕಂಡಿತು ಎಂದ ಕೂಡಲೇ ಕೆಲಸ ಮುಗಿಯಲಿಲ್ಲ. ಮಲೆನಾಡಿನ ಹಂಚಿನ ಮನೆಯಲ್ಲಿ ಬಾಳಿದವರಿಗೆ ಇದು ಚೆನ್ನಾಗಿ ಗೊತ್ತು. ನೀರು ತೊಟ್ಟಿಕ್ಕುವ ಜಾಗದ ನೇರಕ್ಕೇ ಒಡೆದ ಹಂಚು ಇರಬೇಕೆಂದಿಲ್ಲ. ಎಲ್ಲೋ ಒಳಬಂದ ನೀರು ಪಕಾಸಿಯ ಗುಂಟ ಹರಿದು ಇನ್ನೆಲ್ಲೋ ಬೀಳುತ್ತದೆ. ಕೆಳಗೆ ಬಕೆಟ್ ಇಟ್ಟವನು ಸೋರಿಕೆ ನಿಲ್ಲಿಸಿದಂತಾಗುವುದಿಲ್ಲ. ಮೆಮೊರಿ ದೋಷವೂ ಹಾಗೆಯೇ. ಪ್ರೋಗ್ರಾಂ ಕುಸಿಯುವ ಸಾಲು ಒಂದು, ತಪ್ಪು ನಡೆದ ಸಾಲು ಇನ್ನೊಂದು.

ಡಿಬಗ್ಗರಿನ ಒಳಗಿನದೇ ಒಂದು ಉದಾಹರಣೆ ನೋಡಿ. ಪ್ರೋಗ್ರಾಮನ್ನು ಎಲ್ಲೆಲ್ಲಿ ನಿಲ್ಲಿಸಬೇಕು ಎಂಬ ಜಾಗಗಳ ಪಟ್ಟಿಯನ್ನು ಡಿಬಗ್ಗರ್ ಸರಪಳಿಯಂತೆ ಇಟ್ಟುಕೊಂಡಿರುತ್ತದೆ. ಪ್ರತಿ ಕೊಂಡಿಯಲ್ಲೂ ಮುಂದಿನ ಕೊಂಡಿಯ ವಿಳಾಸ ಇರುತ್ತದೆ. ಪಟ್ಟಿಯ ಗುಂಟ ನಡೆಯುತ್ತ ಬೇಡವಾದವನ್ನು ಅಳಿಸಬೇಕು. ಒಂದು ಕೊಂಡಿಯನ್ನು ಅಳಿಸಿದ ಮೇಲೆ ‘ಮುಂದಿನದು ಎಲ್ಲಿ?’ ಎಂದು ಅಳಿಸಿದ ಕೊಂಡಿಯನ್ನೇ ಕೇಳಿದರೆ? ಅದು ಬಿಟ್ಟ ಮನೆಗೆ ಮತ್ತೆ ಹೋದಂತೆ. ಹೆಚ್ಚಿನ ಸಲ ಹಳೆಯ ವಿಳಾಸ ಅಲ್ಲೇ ಉಳಿದಿರುತ್ತದೆ, ಕೆಲಸ ನಡೆಯುತ್ತದೆ. ಯಾವಾಗಲೋ ಒಮ್ಮೆ ಆ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ. ಆಗ ಡಿಬಗ್ಗರ್ ಮಗುಚಿಕೊಳ್ಳುತ್ತದೆ. ಪರಿಹಾರ ಸರಳ: ಅಳಿಸುವ ಮೊದಲೇ ಮುಂದಿನ ಕೊಂಡಿಯ ವಿಳಾಸ ಬರೆದಿಟ್ಟುಕೊಳ್ಳಬೇಕು. ಹೀಗೆ ಅಳಿಸುತ್ತ ನಡೆಯುವುದಕ್ಕೆಂದೇ ಜಿಡಿಬಿಯ ಕೋಡಿನಲ್ಲಿ ‘ಸೇಫ್’ ಎಂಬ ಹೆಸರು ಹೊತ್ತ ಪ್ರತ್ಯೇಕ ಏರ್ಪಾಡೇ ಇದೆ. ದತ್ತ ರಚನೆಗಳ ಪಾಠದಲ್ಲಿ ಲಿಂಕ್ಡ್ ಲಿಸ್ಟ್ ಕಲಿಯುವ ವಿದ್ಯಾರ್ಥಿ ಮಾಡುವ ತಪ್ಪೂ ಇದೇ ಜಾತಿಯದು.

ಆದ್ದರಿಂದ ಅನುಭವಿಗಳು ಒಂದು ಕ್ರಮ ಪಾಲಿಸುತ್ತಾರೆ. ಮೊದಲು ದೋಷವನ್ನು ಬೇಕೆಂದಾಗ ಮತ್ತೆ ತೋರಿಸುವಂತಾಗಬೇಕು. ಎರಡನೆಯದಾಗಿ ಅದನ್ನು ಕೆರಳಿಸುವ ಕಡತವನ್ನು ಚಿಕ್ಕದು ಮಾಡುತ್ತ ಹೋಗಬೇಕು. ಸಾವಿರ ಬೈಟ್‌ಗಳಲ್ಲಿ ನಿಜವಾಗಿ ತಂಟೆ ಮಾಡುವುದು ಹತ್ತೇ ಇರಬಹುದು. ಮೂರನೆಯದಾಗಿ ಮೂಲ ಕಾರಣ ಹಿಡಿದು ತಿದ್ದಬೇಕು. ನಾಲ್ಕನೆಯದಾಗಿ ಆ ಚಿಕ್ಕ ಕಡತವನ್ನು ಪರೀಕ್ಷೆಗಳ ಕಟ್ಟಿಗೆ ಸೇರಿಸಬೇಕು. ತಿದ್ದುವ ಮೊದಲು ಆ ಪರೀಕ್ಷೆ ಫೇಲಾಗಬೇಕು, ತಿದ್ದಿದ ಮೇಲೆ ಪಾಸಾಗಬೇಕು. ಎರಡೂ ಸಲ ಪಾಸಾದರೆ ಆ ಪರೀಕ್ಷೆ ಏನನ್ನೂ ಪರೀಕ್ಷಿಸುತ್ತಿಲ್ಲ ಎಂದೇ ಅರ್ಥ. ಕೊನೆಗೆ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೊಮ್ಮೆ ಓಡಿಸಿ ಬೇರೆಲ್ಲೂ ಹಾನಿಯಾಗಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಬಾಯಿ ಮುಚ್ಚಿಸುವುದು ಪರಿಹಾರವಲ್ಲ

ಈ ಕ್ರಮ ತಪ್ಪಿದರೆ ಏನಾಗುತ್ತದೆ? ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ 2006ರಲ್ಲಿ ನಡೆದದ್ದನ್ನು ನೋಡಬಹುದು. ರಹಸ್ಯ ಸಂಕೇತಗಳಿಗೆ ಬೇಕಾದ ಗುಟ್ಟಿನ ಕೀಲಿಗಳನ್ನು ತಯಾರಿಸುವ ‘ಓಪನ್‌ಎಸ್‌ಎಸ್‌ಎಲ್’ ಎಂಬ ತಂತ್ರಾಂಶದ ಬಗ್ಗೆ ವ್ಯಾಲ್‌ಗ್ರೈಂಡ್ ಗೊಣಗುತ್ತಿತ್ತು: ‘ಇಲ್ಲಿ ಆರಂಭದ ಬೆಲೆ ಕೊಡದ ಮೆಮೊರಿ ಬಳಕೆಯಾಗುತ್ತಿದೆ’. ಗೊಣಗಾಟ ನಿಲ್ಲಿಸಲು ಒಂದೇ ರೀತಿ ಕಾಣುತ್ತಿದ್ದ ಎರಡು ಸಾಲುಗಳನ್ನು ತೆಗೆದುಹಾಕಲಾಯಿತು. ಒಂದನ್ನು ತೆಗೆದಿದ್ದರೆ ಹೆಚ್ಚಿನ ನಷ್ಟವಿರಲಿಲ್ಲ. ಆದರೆ ಇನ್ನೊಂದು ಸಾಲಿನ ಮೂಲಕವೇ ಕೀಲಿಗಳಿಗೆ ಬೇಕಾದ ಯಾದೃಚ್ಛಿಕ ಅಂಕಿಗಳು ಒಳಬರುತ್ತಿದ್ದವು. ಉಪಕರಣ ಸುಮ್ಮನಾಯಿತು, ಎಲ್ಲವೂ ಸರಿಯಾಗಿ ಓಡಿತು. ಆದರೆ ಎಣಿಸಲಾರದಷ್ಟು ಬಗೆಯ ಕೀಲಿಗಳು ಹುಟ್ಟಬೇಕಾದ ಕಡೆ, ಒಂದೊಂದು ಬಗೆಯ ಯಂತ್ರದಲ್ಲಿ, ಒಂದೊಂದು ಅಳತೆಗೆ, ಸುಮಾರು 32,768 ಕೀಲಿಗಳು ಮಾತ್ರ ಸಾಧ್ಯವಾದವು. ಅಷ್ಟನ್ನು ಒಂದೊಂದಾಗಿ ಹಾಕಿ ನೋಡುವುದು ಕಂಪ್ಯೂಟರಿಗೆ ಏನು ಮಹಾ ಕೆಲಸ!

2008ರ ಮೇ ತಿಂಗಳಲ್ಲಿ, ಲೂಸಿಯಾನೊ ಬೆಲ್ಲೊ ಎಂಬವರು ಪತ್ತೆ ಮಾಡಿದ ಈ ದೋಷ ಬಹಿರಂಗವಾಯಿತು. ಅಷ್ಟು ಕಾಲ ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ಈ ತಂತ್ರಾಂಶ ತಯಾರಿಸಿದ್ದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು. ಎಚ್ಚರಿಕೆಯ ಗಂಟೆ ಹೊಡೆದಾಗ ಗಂಟೆಯ ನಾಲಿಗೆ ಕಿತ್ತರೆ ಬೆಂಕಿ ಆರುವುದಿಲ್ಲ.

ಇನ್ನು ಉಪಕರಣವನ್ನೇ ಪರೀಕ್ಷಿಸುವ ಉಪಕರಣ ಯಾವುದು? ಉತ್ತರ ಸ್ವಾರಸ್ಯವಾಗಿದೆ: ಅದೇ ಉಪಕರಣ. ಜಿಡಿಬಿಯ ಒಳಗೆ ಇನ್ನೊಂದು ಜಿಡಿಬಿಯನ್ನು ಓಡಿಸಬಹುದು. ಯಾರು ಯಾರನ್ನು ನೋಡುತ್ತಿದ್ದಾರೆ ಎಂಬ ಗೊಂದಲ ಬಾರದಿರಲಿ ಎಂದು ಮೇಲಿನದು ಪರದೆಯಲ್ಲಿ ‘ಟಾಪ್-ಜಿಡಿಬಿ’ ಎಂದು ತನ್ನ ಹೆಸರು ತೋರಿಸುತ್ತದೆ. ವ್ಯಾಲ್‌ಗ್ರೈಂಡನ್ನೂ ವ್ಯಾಲ್‌ಗ್ರೈಂಡಿನೊಳಗೆ ಓಡಿಸುವ ವ್ಯವಸ್ಥೆ ಇದೆ. ಅಲ್ಲಿ ಒಳಗಿನದು, ಹೊರಗಿನದು ಎಂದು ಕರೆಯುತ್ತಾರೆ. ನಿಧಾನದ ಮೇಲೆ ನಿಧಾನ, ನಿಜ. ಆದರೂ ಮಾಡುತ್ತಾರೆ. ಕ್ಷೌರಿಕ ತನ್ನ ತಲೆಯನ್ನು ತಾನೇ ಬೋಳಿಸಿಕೊಳ್ಳಲಾರ. ಇನ್ನೊಬ್ಬ ಕ್ಷೌರಿಕನ ಮುಂದೆ ಕೂರಬಲ್ಲ.

ದೋಷ ಹುಟ್ಟುವುದನ್ನೇ ತಡೆಯುವ ಪ್ರಯತ್ನವೂ ನಡೆದಿದೆ. 2017ರಲ್ಲಿ ಬಂದ ಜಿಡಿಬಿಯ 8ನೇ ಆವೃತ್ತಿಯ ಹೊತ್ತಿಗೆ ಅದರ ಕೋಡು ಸಿ ಬಿಟ್ಟು ಸಿ ಪ್ಲಸ್ ಪ್ಲಸ್‌ಗೆ ಹೊರಳಿತ್ತು. ಕೆಲಸ ಮುಗಿದ ಕೂಡಲೇ ಮೆಮೊರಿಯನ್ನು ತಾನಾಗಿಯೇ ಒಪ್ಪಿಸುವ ಸೌಲಭ್ಯ ಅದರಲ್ಲಿದೆ. ಗ್ರೇಡನ್ ಹೋರ್ 2006ರಲ್ಲಿ ಆರಂಭಿಸಿದ, 2015ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ರಸ್ಟ್ ಭಾಷೆ ಇನ್ನೂ ಕಟ್ಟುನಿಟ್ಟು. ಯಾವ ಮನೆಗೆ ಯಾರು ಒಡೆಯ ಎಂದು ಕಂಪೈಲ್ ಮಾಡುವಾಗಲೇ ಕೇಳುತ್ತದೆ. ಲೆಕ್ಕ ತಪ್ಪಿದರೆ ಪ್ರೋಗ್ರಾಮನ್ನು ಒಪ್ಪುವುದೇ ಇಲ್ಲ. 2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ ಕರ್ನಲ್ 6.1ರಲ್ಲಿ ಈ ಭಾಷೆಗೂ ಜಾಗ ಸಿಕ್ಕಿತು. ಹಾಗೆಂದು ದಶಕಗಳಿಂದ ಬರೆದಿಟ್ಟ ಸಿ ಕೋಡು ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಅದನ್ನು ಓದಬಲ್ಲ, ತಿದ್ದಬಲ್ಲ ಕೈಗಳು ಇನ್ನೂ ಬಹುಕಾಲ ಬೇಕು.

ಈ ಉಪಕರಣಗಳಿಗೆ ಹಣ ಕೊಡಬೇಕಾಗಿಲ್ಲ. ಲಿನಕ್ಸ್ ಇರುವ ಹಳೆಯ ಕಂಪ್ಯೂಟರ್ ಸಾಕು. ಜಿಸಿಸಿ ಕಂಪೈಲರಿನಲ್ಲಿ ಅಡ್ರೆಸ್ ಸ್ಯಾನಿಟೈಸರ್ ಒಂದು ಆಯ್ಕೆಯಾಗಿ ಸಿದ್ಧವಾಗಿಯೇ ಇದೆ. ಕಾಲೇಜಿನ ರೆಕಾರ್ಡಿಗಾಗಿ ಬರೆದ, ‘ಔಟ್‌ಪುಟ್ ಸರಿ ಬಂತು’ ಎಂದು ಸಹಿ ಹಾಕಿಸಿಕೊಂಡ ಪ್ರೋಗ್ರಾಮನ್ನು ವಿದ್ಯಾರ್ಥಿಗಳು ಒಮ್ಮೆ ಆ ಕಾವಲಿನಡಿ ಓಡಿಸಿ ನೋಡಲಿ. ಸರಿ ಬಂದ ಔಟ್‌ಪುಟ್ಟಿನ ಹಿಂದೆ ಎಷ್ಟು ಸಲ ಪಕ್ಕದ ಮನೆಗೆ ಕಾಲಿಟ್ಟದ್ದಾಗಿದೆ ಎಂದು ಆಗ ತಿಳಿಯುತ್ತದೆ. ಪರೀಕ್ಷೆಯಿಂದ ದೋಷ ಇದೆ ಎಂದು ತೋರಿಸಬಹುದೇ ಹೊರತು ಇಲ್ಲವೇ ಇಲ್ಲ ಎಂದು ತೋರಿಸಲಾಗದು ಎಂಬ ಎಚ್ಚರವನ್ನು ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಬಹಳ ಹಿಂದೆಯೇ ಕೊಟ್ಟಿದ್ದರು.

ತಂದೆ ತಾಯಿಯರಿಗೂ ಇದರಲ್ಲಿ ಒಂದು ಮಾತಿದೆ. ಮಗಳು ರಾತ್ರಿಯೆಲ್ಲ ಕೂತು ಒಂದು ಸಾಲನ್ನೂ ಹೊಸದಾಗಿ ಬರೆಯದೆ ಹಳೆಯ ಪ್ರೋಗ್ರಾಮಿನಲ್ಲೇ ಏನನ್ನೋ ಹುಡುಕುತ್ತಿದ್ದರೆ ಅವಳು ಕಾಲ ಕಳೆಯುತ್ತಿದ್ದಾಳೆ ಎಂದು ಭಾವಿಸಬೇಕಾಗಿಲ್ಲ. ಒಡೆದ ಹಂಚು ಯಾವುದೆಂದು ಹುಡುಕಲು ಅವಳು ಅಟ್ಟ ಹತ್ತಿರಬಹುದು. ‘ಮುಗಿಯಿತೇ?’ ಎನ್ನುವ ಬದಲು ‘ಎಲ್ಲಿ ಸೋರುತ್ತಿದೆ, ಗೊತ್ತಾಯಿತೇ?’ ಎಂದು ಕೇಳಿದರೆ ಅವಳಿಗೂ ಹುರುಪು ಬರುತ್ತದೆ.